ಡೇರೆ ಗಡ್ಡೆಯ ಹೊಣೆ

ಕೈತೋಟ ಮನಸ್ಸಿಗೆ ಹಿತ ಎಂಬ ಮಾತನ್ನು ಅಲ್ಲಗಳೆಯುವವರು ಕಡಿಮೆ. ಆ ಹಿತ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಹೂವಿನ ಚೆಂದ, ಹಸಿರಿನ ತಂಪು, ಮಣ್ಣಿನ ವಾಸನೆ ಎಂದು ಹೇಳಿ ನಿಲ್ಲಿಸಿಬಿಡುತ್ತಾರೆ. ಮಲೆನಾಡಿನ ಅಂಗಳದಲ್ಲಿ ಮಳೆಗಾಲದಿಂದ ಮಳೆಗಾಲಕ್ಕೆ ಡೇರೆ, ಅಂದರೆ ಡೇಲಿಯಾ ಹೂವಿನ ಗಡ್ಡೆ ನೆಡುತ್ತ, ಕಾಯುತ್ತ, ಕಿತ್ತು ಒಳಗಿಡುತ್ತ ಬಂದ ನನಗೆ ಈ ಉತ್ತರ ಸಾಲದು ಅನ್ನಿಸಿದೆ. ಚೆಂದವೇ ಕಾರಣವಾಗಿದ್ದರೆ ಪೇಟೆಯಿಂದ ತಂದ ಹೂಗುಚ್ಛವೂ ಅದೇ ಸಮಾಧಾನ ಕೊಡಬೇಕಿತ್ತು. ಹಸಿರೇ ಕಾರಣವಾಗಿದ್ದರೆ, ಸುತ್ತ ಕಾಡು, ಕೆಳಗೆ ಅಡಿಕೆ ತೋಟ ಇರುವವರಿಗೆ ಅಂಗಳದಲ್ಲಿ ಮತ್ತೆ ಗಿಡ ಬೆಳೆಸುವ ಅಗತ್ಯವೇ ಇರುತ್ತಿರಲಿಲ್ಲ. ದಟ್ಟ ಹಸಿರಿನ ನಡುವೆ ಬದುಕುವವರೇ ಅಂಗಳದ ಅಂಚಿಗೆ ಏರುಮಡಿ ಮಾಡಿ, ಬೇಲಿ ಕಟ್ಟಿ, ತಮ್ಮಲ್ಲಿಲ್ಲದ ಒಂದು ಬಣ್ಣದ ಡೇರೆಗಾಗಿ ಊರು ದಾಟಿ ಹೋಗುತ್ತಾರೆ ಎಂದರೆ ಅವರಿಗೆ ಬೇಕಾಗಿರುವುದು ಬೇರೇನೋ ಇರಬೇಕು. ನನ್ನ ಎಣಿಕೆಯಲ್ಲಿ ಅದು ಹೊಣೆ. ತನ್ನ ಕಾಲವನ್ನು ತಾನೇ ಗೊತ್ತು ಮಾಡಿಕೊಳ್ಳುವ, ನಮ್ಮ ಅನುಕೂಲಕ್ಕೆ ಕಾಯದ, ಆದರೆ ನಮ್ಮ ಕೈ ತಾಗದೆ ಉಳಿಯದ ಒಂದು ಜೀವದ ಹೊಣೆ. ಕೈತೋಟದ ಸಾಂತ್ವನ, ಒಡನಾಟ ಎರಡೂ ಹುಟ್ಟುವುದು ಅಲ್ಲಿಂದ, ಹೂವು ಆಮೇಲಿನದು.

ಡೇರೆಯನ್ನೇ ಹಿಡಿದು ಮಾತಾಡುವುದಕ್ಕೆ ಕಾರಣವಿದೆ. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮಳೆಗಾಲದ ಅಂಗಳ ಎಂದರೆ ಮೊದಲು ನೆನಪಾಗುವುದು ಡೇರೆ. ಜಡೆಗೆ ಒಂದೇ ಒಂದು ದೊಡ್ಡ ಡೇರೆ ಮುಡಿಯುವುದು, ಚೌತಿಯ ಹೊತ್ತಿಗೆ ಯಾರ ಮನೆಯಲ್ಲಿ ಯಾವ ಬಣ್ಣ ಅರಳಿದೆ ಎಂದು ವಿಚಾರಿಸುವುದು ಇಲ್ಲಿನ ಹೆಂಗಸರ ಬದುಕಿನಲ್ಲಿ ಬೆರೆತುಹೋಗಿವೆ. ಇಷ್ಟು ನಮ್ಮದಾಗಿರುವ ಈ ಗಿಡದ ತವರು ಮೆಕ್ಸಿಕೋದ ಎತ್ತರದ ಬೆಟ್ಟನಾಡು. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಹೋಯಿತು. 1791ರಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಕಾವನಿಲ್ಲೆಸ್, ಆಗಷ್ಟೇ ತೀರಿಕೊಂಡಿದ್ದ ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ ಅದಕ್ಕೆ ಹೆಸರಿಟ್ಟ. ಮೆಕ್ಸಿಕೋ 1963ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಹೂವೆಂದು ಸಾರಿತು. ಅಷ್ಟು ದೂರದ ಗಿಡ ಮಲೆನಾಡಿಗೆ ಇಷ್ಟು ಸಲೀಸಾಗಿ ಒಗ್ಗಿದ್ದು ಸುಮ್ಮನೆ ಅಲ್ಲ. ಅದರ ತವರಿನಲ್ಲೂ ಜೂನ್ ಹೊತ್ತಿಗೆ ಮಳೆ ಹಿಡಿದು ಅಕ್ಟೋಬರಿಗೆ ಬಿಡುತ್ತದೆ, ಚಳಿಗಾಲ ಒಣಗಿರುತ್ತದೆ. ಮಳೆಯಲ್ಲಿ ಬೆಳೆದು, ಒಣ ತಿಂಗಳುಗಳನ್ನು ಗಡ್ಡೆಯೊಳಗೆ ಕಳೆಯುವ ಕ್ರಮ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಹಾಗಾಗಿ ವರ್ಷದ ಚಕ್ರವನ್ನು ಡೇರೆಯಷ್ಟು ಬಿಡಿಬಿಡಿಯಾಗಿ ತೋರಿಸುವ ಹೂವಿನ ಗಿಡ ನಮ್ಮ ಅಂಗಳದಲ್ಲಿ ಇನ್ನೊಂದಿಲ್ಲ. ದಾಸವಾಳ, ನಂದಬಟ್ಟಲು ವರ್ಷವಿಡೀ ಹೂಬಿಡುತ್ತವೆ, ನಮ್ಮಿಂದ ಹೆಚ್ಚೇನೂ ಕೇಳುವುದಿಲ್ಲ. ಡೇರೆ ಪ್ರತಿ ತಿಂಗಳೂ ಬೇರೆ ಬೇರೆ ಕೆಲಸ ಕೇಳುತ್ತದೆ.

ಆ ಕೆಲಸಗಳಿಗೆ ಪಂಚಾಂಗವಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ; ರೈತರು ಮಳೆಯನ್ನು ಅದೇ ಲೆಕ್ಕದಲ್ಲಿ ಎಣಿಸುತ್ತಾರೆ. ಏಪ್ರಿಲ್ ಕೊನೆಯ ಭರಣಿ, ಮೇ ತಿಂಗಳ ಕೃತ್ತಿಕೆಯಲ್ಲಿ ನಾಲ್ಕು ಹನಿ ಬಿದ್ದು ಗಾಳಿಯಲ್ಲಿ ತೇವ ಕಂಡರೆ ಸಾಕು, ಬುಟ್ಟಿಯಲ್ಲಿ ಮಲಗಿದ್ದ ಗಡ್ಡೆಯ ಕತ್ತಿನಲ್ಲಿ ಕೆಂಪು ಕಣ್ಣು ಮೂಡುತ್ತದೆ. ರೋಹಿಣಿಯಲ್ಲಿ ಕೊಟ್ಟಿಗೆ ಗೊಬ್ಬರ ಬೆರೆಸಿ ಮಡಿ ಮಾಡಬೇಕು, ಮೃಗಶಿರೆ ಹಿಡಿಯುವುದರೊಳಗೆ ಗಡ್ಡೆ ಮಣ್ಣು ಸೇರಬೇಕು. ಆರಿದ್ರೆಯಲ್ಲಿ ಕುಡಿ ಚಿವುಟಬೇಕು, ಇಲ್ಲದಿದ್ದರೆ ಗಿಡ ಒಂಟಿಯಾಗಿ ಬೆಳೆದು ಗಾಳಿಗೆ ಬಾಗುತ್ತದೆ. ಪುನರ್ವಸು, ಪುಷ್ಯದಲ್ಲಿ ಮಳೆ ಜಡಿಯುವಾಗ ಅಡಿಕೆ ದಬ್ಬೆಯನ್ನೋ ಬಿದಿರನ್ನೋ ಊರಿ ಕಟ್ಟಬೇಕು, ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ಬಿಡಿಸಬೇಕು, ಸಂಜೆ ಹೊತ್ತು ಬಸವನಹುಳು ಆರಿಸಬೇಕು. ಆಶ್ಲೇಷ, ಮಘೆಯ ಹೊತ್ತಿಗೆ ಹೂವು. ಹುಬ್ಬೆ, ಉತ್ತರೆ ದಾಟಿ ಹಸ್ತಕ್ಕೆ ಬರುವಾಗ ಮಣ್ಣಿನ ಕೆಳಗೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಸಸ್ಯಗಳು ಹಗಲಿರುಳಿನ ಉದ್ದವನ್ನು ಅಳೆದು ನಡೆಯುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತೋರಿಸಿಕೊಟ್ಟರು. ಮಲೆನಾಡಿನಲ್ಲಿ ಜೂನ್ ತಿಂಗಳ ಹಗಲು ಸುಮಾರು ಹದಿಮೂರು ಗಂಟೆ, ಡಿಸೆಂಬರಿನದು ಹನ್ನೊಂದೂಕಾಲು. ಸೆಪ್ಟೆಂಬರ್ ಕೊನೆಯ ಮೇಲೆ ಹಗಲು ಹನ್ನೆರಡು ಗಂಟೆಗಿಂತ ಕುಗ್ಗುತ್ತ ಹೋದಂತೆ ಡೇರೆ ಹೂವಿನ ಕಡೆಗಿನ ಗಮನ ಬಿಟ್ಟು ಗಡ್ಡೆ ತುಂಬಿಕೊಳ್ಳತೊಡಗುತ್ತದೆ. ಮೇಲೆ ಎಲೆ ಸೊರಗುವುದನ್ನು ಕಂಡು ಗಿಡ ಹೋಯಿತು ಎಂದು ಮರುಗುವವರು ಈ ಲೆಕ್ಕ ತಿಳಿದವರಲ್ಲ.

ದುಃಖದಲ್ಲಿರುವವರಿಗೆ, ಒಂಟಿಯಾದವರಿಗೆ, ನಿವೃತ್ತರಾದವರಿಗೆ ಮೊದಲು ಕಳೆದುಹೋಗುವುದು ಕಾಲದ ಆಕಾರ. ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ, ಇವತ್ತು ಮಾಡದಿದ್ದರೆ ನಾಳೆ ತಪ್ಪುವಂಥ ಕೆಲಸ ಯಾವುದೂ ಇರುವುದಿಲ್ಲ. ಹಿತೈಷಿಗಳು ಹೇಳುವ ಧೈರ್ಯದ ಮಾತು ಈ ಖಾಲಿಯನ್ನು ತುಂಬಲಾರದು, ಏಕೆಂದರೆ ಮಾತಿಗೆ ಗಡುವಿಲ್ಲ. ಗಡ್ಡೆಗೆ ಗಡುವಿದೆ. ಮೃಗಶಿರೆಯೊಳಗೆ ನೆಡಬೇಕು ಎಂಬುದು ಯಾರ ಆಜ್ಞೆಯೂ ಅಲ್ಲ, ಬುದ್ಧಿವಾದವೂ ಅಲ್ಲ. ಅದರಲ್ಲಿ ನಮ್ಮ ಮೇಲೆ ಅನುಕಂಪವಾಗಲೀ ತೀರ್ಪಾಗಲೀ ಇಲ್ಲ. ಮನಸ್ಸು ಸರಿಯಿಲ್ಲದ ದಿನವೂ ಕೈ ಹೋಗಿ ಬುಡದ ನೀರು ಬಿಡಿಸಿ ಬರುತ್ತದೆ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣ ಎಂದು ಕೂತವರಿಗಿಂತ, ಕೆಲಸದ ಹಿಂದೆ ಮನಸ್ಸನ್ನು ಎಳೆದುಕೊಂಡು ಹೋದವರು ಬೇಗ ಚೇತರಿಸಿಕೊಂಡದ್ದನ್ನು ನಾನು ಕಂಡುಕೊಂಡಿದ್ದೇನೆ. ಆ ಕೆಲಸಕ್ಕೆ ಮುಂದಿನದೊಂದು ತಾರೀಖೂ ಇರುತ್ತದೆ. ಇವತ್ತು ಚಿವುಟಿದ ಕುಡಿಯ ಪಕ್ಕದಲ್ಲಿ ಎರಡು ಕವಲು ಒಡೆಯಲು ಹತ್ತು ಹದಿನೈದು ದಿನ ಬೇಕು. ಅಷ್ಟು ದಿನವನ್ನು ಗಿಡ ನಮ್ಮ ಕೈಯಿಂದ ಮುಂಗಡವಾಗಿ ಬರೆಸಿಕೊಂಡಿರುತ್ತದೆ.

ಇದು ನನ್ನ ಭಾವನೆ ಮಾತ್ರವಾಗಿದ್ದರೆ ಬರೆಯುತ್ತಿರಲಿಲ್ಲ. 1976ರಲ್ಲಿ ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಶುಶ್ರೂಷಾಲಯದಲ್ಲಿ ಎರಡು ಮಹಡಿಯ ನಿವಾಸಿಗಳಿಗೂ ಒಂದೊಂದು ಗಿಡ ಕೊಟ್ಟರು. ಒಂದು ಮಹಡಿಯವರಿಗೆ ಬೇಕಾದ ಗಿಡ ಆರಿಸಿಕೊಳ್ಳಿ, ನೋಡಿಕೊಳ್ಳುವುದು ನಿಮ್ಮದೇ ಹೊಣೆ ಎಂದರು. ಇನ್ನೊಂದು ಮಹಡಿಯವರಿಗೆ ಗಿಡ ಕೊಟ್ಟು, ನೀರು ಹಾಕುವುದನ್ನು ದಾದಿಯರು ನೋಡಿಕೊಳ್ಳುತ್ತಾರೆ ಎಂದರು. ಹಸಿರು ಇಬ್ಬರಿಗೂ ಸಿಕ್ಕಿತು, ಹೊಣೆ ಒಬ್ಬರಿಗೆ ಮಾತ್ರ. ಕೆಲವೇ ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಸಂತೋಷವಾಗಿ ಕಂಡರು. ಈ ಅಧ್ಯಯನವನ್ನು ಅದಕ್ಕಿರುವ ಬಲಕ್ಕಿಂತ ಹೆಚ್ಚು ಹಿಗ್ಗಿಸಿ ಹೇಳುವವರಿದ್ದಾರೆ. ಮೊದಲ ಗುಂಪಿನವರಿಗೆ ಗಿಡದ ಜೊತೆಗೆ ಕೋಣೆಯ ಜೋಡಣೆ, ಸಿನಿಮಾ ನೋಡುವ ದಿನದಂಥ ಬೇರೆ ಆಯ್ಕೆಗಳನ್ನೂ ಕೊಟ್ಟಿದ್ದರು. ಒಂದೂವರೆ ವರ್ಷದ ಮೇಲೆ ಎರಡು ಗುಂಪಿನ ಸಾವುಗಳನ್ನು ಹೋಲಿಸಿ ಬರೆದ ಅಂಕಿಗಳ ಬಲ ಮೊದಲು ಹೇಳಿದ್ದಕ್ಕಿಂತ ಕಡಿಮೆ ಎಂದು ಆಮೇಲೆ ಅವರೇ ತಿದ್ದುಪಡಿ ಪ್ರಕಟಿಸಿದರು. ಆದ್ದರಿಂದ ಗಿಡ ಆಯಸ್ಸು ಹೆಚ್ಚಿಸುತ್ತದೆ ಎಂದು ನಾನು ಹೇಳುವುದಿಲ್ಲ. ನೋಡಲು ಇಟ್ಟ ಗಿಡ ಬೇರೆ, ನಂಬಿ ಒಪ್ಪಿಸಿದ ಗಿಡ ಬೇರೆ ಎಂಬಷ್ಟನ್ನು ಮಾತ್ರ ಅದರಿಂದ ತೆಗೆದುಕೊಳ್ಳುತ್ತೇನೆ. 2011ರಲ್ಲಿ ಪ್ರಕಟವಾದ, ನೆದರ್ಲೆಂಡ್ಸ್‌ನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಮೂವತ್ತು ಮಂದಿ ಕೈತೋಟಗಾರರಿಗೆ ಮೊದಲು ಒತ್ತಡದ ಕೆಲಸ ಕೊಟ್ಟು, ಆಮೇಲೆ ಕೆಲವರನ್ನು ಅರ್ಧ ಗಂಟೆ ತೋಟದ ಕೆಲಸಕ್ಕೆ, ಉಳಿದವರನ್ನು ಒಳಗೆ ಕೂತು ಓದುವುದಕ್ಕೆ ಬಿಟ್ಟರು. ಒತ್ತಡದ ಹಾರ್ಮೋನು ಎರಡೂ ಕಡೆ ಇಳಿಯಿತು, ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು. ಮನಸ್ಸಿನ ಗೆಲುವು ಪೂರ್ತಿ ಮರಳಿದ್ದು ತೋಟದವರಿಗೆ ಮಾತ್ರ. ಮೂವತ್ತು ಜನ ಬಹಳ ಚಿಕ್ಕ ಸಂಖ್ಯೆ, ಅವರು ಮೊದಲೇ ಗಿಡದ ಪ್ರೀತಿ ಇದ್ದವರು ಕೂಡ. ಆದರೂ ಅದು ಹೇಳುವುದು ಅಂಗಳದ ಅನುಭವಕ್ಕೆ ವಿರುದ್ಧವಾಗಿಲ್ಲ.

ನೋಡಿದರೆ ಸಾಕು ಎಂಬ ಪಕ್ಷಕ್ಕೂ ಗಟ್ಟಿಯಾದ ಆಧಾರವಿದೆ. 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ಪೈಕಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಸ್ವಲ್ಪ ಬೇಗ ಮನೆಗೆ ಹೋದರು, ಅವರಿಗೆ ಬೇಕಾದ ತೀವ್ರ ನೋವುನಿವಾರಕಗಳೂ ಕಡಿಮೆ. ಅವರು ಯಾವ ಮರಕ್ಕೂ ನೀರು ಹಾಕಿದವರಲ್ಲ. ಇದನ್ನು ಒಪ್ಪುತ್ತೇನೆ. ಹಾಸಿಗೆ ಹಿಡಿದವರಿಗೆ, ಕೈಲಾಗದವರಿಗೆ ನೋಟವೇ ದೊಡ್ಡದು. ಆದರೆ ಆ ನೋಟ ನೆರವಾಗಿದ್ದು ಕೆಲವು ದಿನಗಳ ನೋವಿಗೆ. ನಾನು ಹೇಳುತ್ತಿರುವುದು ವರ್ಷಗಟ್ಟಲೆ ಉಳಿಯುವ ಖಾಲಿತನದ ಮಾತು. ನೋಟಕ್ಕೆ ಕಣ್ಣು ಒಗ್ಗಿಹೋಗುತ್ತದೆ. ಮಲೆನಾಡಿನ ಕಾಡು ಮಲೆನಾಡಿನವರ ಕಣ್ಣಿಗೆ ದಿನವೂ ಬೀಳುವುದಿಲ್ಲ. ಹೊಣೆಗೆ ಹಾಗೆ ಒಗ್ಗಿಹೋಗಲು ಆಗುವುದಿಲ್ಲ, ಏಕೆಂದರೆ ಅದು ಪ್ರತಿ ನಕ್ಷತ್ರದಲ್ಲೂ ಬೇರೆ ರೂಪದಲ್ಲಿ ಬರುತ್ತದೆ.

ಇದಕ್ಕಿಂತ ಮುಖ್ಯವಾದ ಆಕ್ಷೇಪ ಇನ್ನೊಂದಿದೆ. ಗಿಡಕ್ಕೆ ನಮ್ಮ ಗುರುತಿಲ್ಲ, ಅದನ್ನು ಒಡನಾಡಿ ಎನ್ನುವುದು ಒಂಟಿತನಕ್ಕೆ ಹಾಕಿದ ಬಣ್ಣ ಎಂದು ಕೆಲವರು ಹೇಳುತ್ತಾರೆ. ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿ, ದೊಡ್ಡ ಮನೆಗಳಲ್ಲಿ ಇಬ್ಬರೋ ಒಬ್ಬರೋ ಹಿರಿಯರು ಉಳಿದಿರುವ ಊರುಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಅಂಥವರಿಗೆ ಹೂವಿನ ಗಿಡ ಬೆಳೆಸಿಕೊಂಡಿರಿ ಎನ್ನುವುದು ಮಕ್ಕಳ, ಸಮಾಜದ ಜವಾಬ್ದಾರಿಯನ್ನು ಗಿಡದ ತಲೆಗೆ ಕಟ್ಟಿದಂತೆ ಎಂಬ ಸಿಟ್ಟು ನನಗೆ ಅರ್ಥವಾಗುತ್ತದೆ. ಗಿಡ ಮನುಷ್ಯನ ಜಾಗ ತುಂಬುತ್ತದೆ ಎಂದಿದ್ದರೆ ಈ ಸಿಟ್ಟು ಪೂರ್ತಿ ನ್ಯಾಯ. ಆದರೆ ಡೇರೆಯ ವಿಷಯದಲ್ಲಿ ನಡೆಯುವುದು ತಿರುವುಮುರುವು: ಅದು ಮನುಷ್ಯರನ್ನು ಬೇಡುತ್ತದೆ. ಕಾರಣ ಅದರ ಜೀವಕೋಶದಲ್ಲೇ ಇದೆ. ನಮ್ಮಲ್ಲಿ, ಇನ್ನೂ ಅನೇಕ ಜೀವಿಗಳಲ್ಲಿ ವರ್ಣತಂತುಗಳು ಎರಡೆರಡು ಪ್ರತಿ ಇದ್ದರೆ ತೋಟದ ಡೇರೆಯಲ್ಲಿ ಎಂಟೆಂಟು ಪ್ರತಿ. ಹಾಗಾಗಿ ಬೀಜ ಬಿತ್ತಿದರೆ ತಾಯಿಯಂಥ ಮಗಳು ಹುಟ್ಟುವುದಿಲ್ಲ. ಕೆಂಪಿನ ಬೀಜದಿಂದ ಹಳದಿ, ಬಿಳಿ, ಎರಡು ಬಣ್ಣ ಕೂಡಿದ್ದು, ಏನು ಬೇಕಾದರೂ ಬರಬಹುದು. ಒಂದು ಬಣ್ಣವನ್ನು ಉಳಿಸಿಕೊಳ್ಳಲು ಇರುವ ದಾರಿ ಎರಡೇ, ಅದರ ಗಡ್ಡೆ ಅಥವಾ ಅದರ ಕುಡಿ. ಅಂದರೆ ನಾದಿನಿ ಕೊಟ್ಟ ನೇರಳೆ ಡೇರೆ ನಾದಿನಿಯ ಡೇರೆಯ ಮಗುವಲ್ಲ, ಅದೇ ಗಿಡ; ಎರಡು ಅಂಗಳದಲ್ಲಿ ಮುಂದುವರಿದಿದೆ ಅಷ್ಟೆ. ಕೊಟ್ಟವರು ತೀರಿಕೊಂಡ ಎಷ್ಟೋ ವರ್ಷದ ಮೇಲೂ ಅವರ ಕೈಯಲ್ಲಿ ಚಿಗುರಿದ್ದ ಆ ಗಿಡವೇ ಅರಳುತ್ತದೆ. ಸಾಂತ್ವನ ಎಂಬುದಕ್ಕೆ ಇದಕ್ಕಿಂತ ನಿಜವಾದ ಆಧಾರ ನನಗೆ ಬೇರೆ ಕಂಡಿಲ್ಲ.

ಇಲ್ಲಿಂದ ಮುಂದಿನ ಮಾತು ತಾನಾಗಿ ಬರುತ್ತದೆ. ಗಡ್ಡೆ ಕೊಳೆಯುವುದು ಸುಲಭ. ಆಶ್ಲೇಷದ ಮಳೆ ವಾರ ಹಿಡಿದರೆ ಕೊಳೆಯುತ್ತದೆ, ಒಳಗಿಟ್ಟಾಗ ಇಲಿ ತಿನ್ನುತ್ತದೆ, ಬೇಸಿಗೆಯಲ್ಲಿ ಸುಕ್ಕಿ ಒಣಗುತ್ತದೆ. ಒಂದೇ ಮನೆಯಲ್ಲಿರುವ ಬಣ್ಣ ಒಂದು ಕೆಟ್ಟ ವರ್ಷದಲ್ಲಿ ಇಲ್ಲವಾಗುತ್ತದೆ. ನಾಲ್ಕು ಮನೆಗೆ ಕೊಟ್ಟ ಬಣ್ಣ ಎಲ್ಲೋ ಒಂದು ಕಡೆ ಉಳಿದಿರುತ್ತದೆ, ಕೇಳಿದರೆ ಮರಳಿ ಬರುತ್ತದೆ. ಯಾರಿಗೂ ಕೊಡದೆ ಬಚ್ಚಿಟ್ಟುಕೊಂಡವರು ಕೊನೆಗೆ ಅದನ್ನು ಕಳೆದುಕೊಳ್ಳುತ್ತಾರೆ. ಹಳೆಯ ಹೆಂಗಸರು ಇದನ್ನು ಬಲ್ಲರು; ಮದುವೆ, ಶ್ರಾದ್ಧ, ಹಬ್ಬಕ್ಕೆ ಹೋದಾಗ ಸೆರಗಿನಲ್ಲಿ ಗಡ್ಡೆಯನ್ನೋ ಬಾಳೆ ಎಲೆಯಲ್ಲಿ ಸುತ್ತಿದ ಕುಡಿಯನ್ನೋ ತರುವುದು, ಹೋಗುವಾಗ ತಮ್ಮದನ್ನು ಕೊಟ್ಟು ಬರುವುದು ಅದಕ್ಕೇ. ಹೀಗೆ ಹಂಚಿದ ಮೇಲೆ ವಿಚಾರಿಸುವ ಹಕ್ಕೂ ಹುಟ್ಟುತ್ತದೆ. ‘ನನ್ನ ಬಿಳಿ ಚಿಗುರಿತೇನೇ’ ಎಂದು ಅಕ್ಕ ತಂಗಿಗೆ ಫೋನು ಮಾಡುವಾಗ ಕೇಳುತ್ತಿರುವುದು ಬಿಳಿ ಡೇರೆಯನ್ನು ಮಾತ್ರವಲ್ಲ. ನೇರವಾಗಿ ‘ನೀನು ಹೇಗಿದ್ದೀ’ ಎಂದು ಕೇಳಿಸಿಕೊಂಡರೆ ‘ಚೆನ್ನಾಗಿದ್ದೇನೆ’ ಎಂದು ಮುಗಿಸಿಬಿಡುವವರು, ಗಡ್ಡೆಯ ವಿಷಯ ಬಂದರೆ ಅರ್ಧ ಗಂಟೆ ಮಾತಾಡುತ್ತಾರೆ. ಗಿಡ ಒಡನಾಡಿ ಎನ್ನುವಾಗ ನನ್ನ ಮನಸ್ಸಿನಲ್ಲಿರುವುದು ಈ ಜಾಲ. ಗಿಡಕ್ಕೆ ನಮ್ಮ ಗುರುತಿಲ್ಲದಿದ್ದರೂ ಅದರ ಮೂಲಕ ಇಷ್ಟು ಜನಕ್ಕೆ ನಮ್ಮ ಗುರುತು ಉಳಿದಿರುತ್ತದೆ.

ಹೆಂಗಸರ ಕೆಲಸದ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಕೊಟ್ಟಿಗೆ, ಅಡುಗೆ, ಅಡಿಕೆ ಸುಲಿತ, ಬಂದುಹೋಗುವವರ ಉಪಚಾರ ಎಲ್ಲ ಮುಗಿಸಿ ಮತ್ತೆ ಅಂಗಳಕ್ಕೆ ಇಳಿಯುವವರಿಗೆ ಅದು ಹಿತವೋ, ಇನ್ನೊಂದು ದುಡಿಮೆಯೋ? ಹೊಣೆಯೇ ಸಾಂತ್ವನ ಎಂಬ ನನ್ನ ವಾದ ಇಲ್ಲಿ ಎಡವುವ ಹಾಗೆ ಕಾಣುತ್ತದೆ, ಏಕೆಂದರೆ ಹೊಣೆಯ ಭಾರದಿಂದಲೇ ಕುಗ್ಗಿದವರು ಅವರು. ಆದರೆ ಹೊಣೆಗಳಲ್ಲಿ ಎರಡು ಬಗೆ. ಮಾಡದಿದ್ದರೆ ಯಾರೋ ಕೇಳುವ ಹೊಣೆ ಒಂದು. ಮಾಡದಿದ್ದರೆ ಯಾರೂ ಕೇಳದ, ಆದರೂ ತಾನಾಗಿ ಹೊತ್ತುಕೊಂಡ ಹೊಣೆ ಇನ್ನೊಂದು. ಡೇರೆ ನೆಡದಿದ್ದರೆ ಮನೆಯಲ್ಲಿ ಯಾರ ಊಟವೂ ತಪ್ಪುವುದಿಲ್ಲ. ಯಾವ ಬಣ್ಣ ಎಲ್ಲಿ, ಯಾರಿಗೆ ಕೊಡುವುದು, ಯಾರಿಂದ ತರುವುದು ಎಂಬುದನ್ನು ಅತ್ತೆಯಾಗಲೀ ಗಂಡನಾಗಲೀ ತೀರ್ಮಾನಿಸುವುದಿಲ್ಲ. ತೋಟ, ಗದ್ದೆ ಗಂಡಸರ ಹೆಸರಿನಲ್ಲಿದ್ದ ಕಾಲದಿಂದಲೂ ಅಂಗಳದ ಆ ನಾಲ್ಕು ಮಡಿ ಹೆಂಗಸರ ಮಾತು ನಡೆಯುವ ನೆಲವಾಗಿತ್ತು. ಆ ನೆಲ ಚಿಕ್ಕದಾಯಿತು ಎಂಬ ದೂರು ಸರಿ, ಅದು ದೊಡ್ಡದಾಗಬೇಕು. ಚಿಕ್ಕದು ಎಂಬ ಕಾರಣಕ್ಕೆ ಅಲ್ಲಿ ಸಿಕ್ಕ ಸ್ವಾತಂತ್ರ್ಯ ಸುಳ್ಳಾಗುವುದಿಲ್ಲ. ಅದೇ ಕೈತೋಟದ ಕೆಲಸವನ್ನು ಮನೆಯವರೆಲ್ಲ ಸೊಸೆಯ ಕರ್ತವ್ಯವೆಂದು ಹೊರಿಸಿದ ದಿನ, ಇಲ್ಲಿ ನಾನು ಹೇಳುತ್ತಿರುವ ಹಿತ ಅದರಲ್ಲಿ ಉಳಿಯುವುದಿಲ್ಲ.

ಈಗ ಮಳೆಯ ನಕ್ಷತ್ರಗಳೇ ನಂಬಿಕೆಗೆ ನಿಲ್ಲುತ್ತಿಲ್ಲ. 2019ರ ಆಗಸ್ಟಿನಲ್ಲಿ ಮಲೆನಾಡು, ಕೊಡಗು, ಉತ್ತರ ಕರ್ನಾಟಕವೆಲ್ಲ ನೆರೆಯಲ್ಲಿ ಮುಳುಗಿದವು. 2023ರ ಆಗಸ್ಟ್ ಭಾರತದಲ್ಲಿ 1901ರಿಂದ ಈಚೆಗಿನ ಅತ್ಯಂತ ಒಣ ಆಗಸ್ಟ್. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಇಂಥ ಕಾಲದಲ್ಲಿ ನಕ್ಷತ್ರ ನೋಡಿ ನೆಡಿ ಎನ್ನುವುದಕ್ಕೆ ಏನರ್ಥ ಎಂದು ಕೇಳಬಹುದು. ಹಗಲಿನ ಉದ್ದ ಮಳೆಯಂತೆ ಕೈಕೊಡುವುದಿಲ್ಲ ಎಂಬುದು ನನ್ನ ಮೊದಲ ಉತ್ತರ. ಮಳೆ ಬರಲಿ ಬಿಡಲಿ, ಸೆಪ್ಟೆಂಬರ್ ದಾಟಿದ ಮೇಲೆ ಡೇರೆ ಗಡ್ಡೆ ಕಟ್ಟುತ್ತದೆ. ಎರಡನೆಯ ಉತ್ತರ ಅಷ್ಟು ನೆಮ್ಮದಿಯದಲ್ಲ. ಕೈತೋಟ ಮಾಡುವವರಿಗೆ ಹವಾಮಾನದ ಏರುಪೇರು ಪತ್ರಿಕೆಯ ಸುದ್ದಿಯಾಗಿ ಬರುವುದಿಲ್ಲ, ಕೊಳೆತ ಗಡ್ಡೆಯಾಗಿ ಬರುತ್ತದೆ. ನೋವು ಹೆಚ್ಚು, ನಿಜ. ಆದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಅಂಗಳದಲ್ಲಾದರೂ ಉತ್ತರವಿದೆ: ಮಡಿ ಇನ್ನಷ್ಟು ಎತ್ತರ ಮಾಡುವುದು, ಅರ್ಧ ಗಡ್ಡೆ ಚಟ್ಟಿಯಲ್ಲಿ, ಅರ್ಧ ನೆಲದಲ್ಲಿ ಇಡುವುದು, ಕುಡಿಗಳನ್ನು ಮೊದಲಿಗಿಂತ ಹೆಚ್ಚು ಮನೆಗೆ ಕೊಡುವುದು. ಕೈಕಟ್ಟಿ ಕೂರುವ ಆತಂಕಕ್ಕಿಂತ ಕೈಯಾಡಿಸುವ ಆತಂಕ ಸಹಿಸಲು ಸುಲಭ.

ಹೂವಿಲ್ಲದ ತಿಂಗಳುಗಳನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಅವೇ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಒಣಗಿದ ದಂಟು ಕತ್ತರಿಸಿ, ಗಡ್ಡೆ ಕಿತ್ತು, ಮಣ್ಣು ಒದರಿ, ನೆರಳಿನಲ್ಲಿ ಆರಿಸಿ, ಬೂದಿ ಸವರಿ ಒಣಮರಳಿನಲ್ಲಿ ಇಟ್ಟ ಮೇಲೆ ನಾಲ್ಕು ತಿಂಗಳು ನೋಡಲು ಏನೂ ಇರುವುದಿಲ್ಲ. ಆಗಲೂ ಆಗಾಗ ಬುಟ್ಟಿ ತೆಗೆದು ನೋಡಬೇಕು, ಸುಕ್ಕಿದ್ದರೆ ಹನಿ ನೀರು ಚಿಮುಕಿಸಬೇಕು, ಮೆತ್ತಗಾದದ್ದನ್ನು ತೆಗೆದು ಉಳಿದದ್ದನ್ನು ಕಾಪಾಡಬೇಕು. ಮನುಷ್ಯರ ದುಃಖವೂ ಬಹುಮಟ್ಟಿಗೆ ಇಂಥ ತಿಂಗಳುಗಳಲ್ಲೇ ಇರುತ್ತದೆ. ಹದಿಮೂರನೇ ದಿನದವರೆಗೆ ಮನೆ ತುಂಬ ಜನ, ಆಮೇಲೆ ಯಾರೂ ಇಲ್ಲ. ಏನೂ ಕಾಣದಿರುವಾಗಲೂ ನೋಡಿಕೊಳ್ಳುವುದು ಎಂದರೇನೆಂದು ಗಡ್ಡೆಯ ಬುಟ್ಟಿ ಅಭ್ಯಾಸ ಮಾಡಿಸಿದೆ. ನೆಂಟರ ಮನೆಗೆ ಯಾವಾಗ ಹೋಗಬೇಕು, ಯಾವಾಗ ಫೋನು ಮಾಡಬೇಕು ಎಂಬ ನನ್ನ ಲೆಕ್ಕವೂ ಅದರಿಂದ ಬದಲಾಗಿದೆ.

ನೆಲವಿಲ್ಲದವರು ಏನು ಮಾಡಬೇಕು ಎಂಬುದು ಉಳಿಯಿತು. ಊರ ಮನೆ ಮಾರಿ ಮಕ್ಕಳ ಫ್ಲ್ಯಾಟಿಗೆ ಹೋದ ಹಿರಿಯರಿಗೆ ಅಲ್ಲಿ ಎಲ್ಲವೂ ಸಿಗುತ್ತದೆ, ಅವರಿಂದಲೇ ಆಗಬೇಕಾದ ಕೆಲಸವೊಂದು ಬಿಟ್ಟು. ಬಾಲ್ಕನಿಯಲ್ಲಿ ಬೆಳಗಿನ ನಾಲ್ಕೈದು ಗಂಟೆ ಬಿಸಿಲಿದ್ದರೆ, ಒಂದಡಿ ಆಳದ, ಕೆಳಗೆ ತೂತಿರುವ ಚಟ್ಟಿಯಲ್ಲಿ ಗಿಡ್ಡ ಜಾತಿಯ ಡೇರೆ ಚೆನ್ನಾಗಿ ಬರುತ್ತದೆ. ಬೆಂಗಳೂರಿನ ಮಳೆ ಮಲೆನಾಡಿನದಕ್ಕಿಂತ ಕಡಿಮೆಯಾದ್ದರಿಂದ ಕೊಳೆಯುವ ಭಯವೂ ಕಡಿಮೆ. ನೀರು ಹಾಕುವುದನ್ನು ಕೆಲಸದವರಿಗೆ ಒಪ್ಪಿಸದೆ ಅವರಿಗೇ ಬಿಡಬೇಕು. ಹಿರಿಯರನ್ನು, ನೋವಿನಲ್ಲಿರುವವರನ್ನು ನೋಡಲು ಹೋಗುವಾಗ ಕತ್ತರಿಸಿದ ಹೂವಿನ ಬದಲು ಗಡ್ಡೆ ಒಯ್ಯಿರಿ ಎಂದು ನಾನು ಹೇಳುವುದು ಇದಕ್ಕೇ. ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಒಳ್ಳೆಯ ಕಾಲ. ಆರಿಸುವಾಗ ಗಾತ್ರ ನೋಡಬೇಡಿ. ಆಲೂಗಡ್ಡೆಯ ಮೈಯೆಲ್ಲ ಕಣ್ಣಿದ್ದರೆ ಡೇರೆಗೆ ಕಣ್ಣಿರುವುದು ಹಳೆಯ ದಂಟಿಗೆ ಅಂಟಿದ ಕತ್ತಿನಲ್ಲಿ ಮಾತ್ರ. ಕತ್ತು ಮುರಿದ ಗಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ದಂಟಿನ ತುಂಡು ಸಮೇತ ಬಿಡಿಸಿ, ಕಣ್ಣು ಮೂಡಿದ್ದನ್ನು ಖಚಿತ ಮಾಡಿಕೊಂಡು, ಯಾರ ಮನೆಯಿಂದ ಬಂದ ಯಾವ ಬಣ್ಣ ಎಂದು ಚೀಟಿ ಬರೆದು ಕೊಡಿ. ಜುಲೈ ಹೊತ್ತಿಗೆ ಒಂದು ಕುಡಿ ನಿಮಗೆ ವಾಪಸು ಬೇಕೆಂದೂ ಆಗಲೇ ಹೇಳಿಬಿಡಿ.